ಯೂರಿಯಾ ಇಲ್ಲದ ಟ್ಯಾಂಕರ್

ಧಾರಾವಿ

ಅಕ್ಕಾ,

ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ನಾನು ನಿಮ್ಮ ಚಾಳಿಗೆ ನೀರಿನ ಟ್ಯಾಂಕರ್ ತಂದಾಗ ಗಲ್ಲಿ ಕಡೆಯ ಕಿಟಕಿ ಮುಚ್ಚಿಬಿಡು. ನೀರು ಇಳಿಯುವ ತನಕ ಎಂಜಿನ್ ನಿಲ್ಲಿಸಲು ಬರುವುದಿಲ್ಲ.

ಡೀಸೆಲ್ ಹೊಗೆಯ ವಿಷ ಕಡಿಮೆ ಮಾಡುವ ಯೂರಿಯಾ ದ್ರವವನ್ನು ಗಾಡಿಯ ಸೇಠ್ ಈಗ ತರಿಸುವುದಿಲ್ಲ. ಅದಿಲ್ಲದೆಯೂ ಗಾಡಿ ಓಡುವಂತೆ, ಯೂರಿಯಾ ಇದೆ ಎಂದು ಎಂಜಿನ್ನಿಗೆ ಸುಳ್ಳು ಹೇಳುವ ಒಂದು ಡಬ್ಬಿಯನ್ನು ಮೆಕ್ಯಾನಿಕ್ ಕೂರಿಸಿದ. ಟಾರ್ಚ್ ಹಿಡಿದು ನಿಂತವನು ನಾನೇ. ಹೊಗೆಯ ಬಣ್ಣ ಬದಲಾಗಿಲ್ಲ, ಯಾರಿಗೂ ಗೊತ್ತಾಗುವುದಿಲ್ಲ.

ಪೂರ್ವಿಯ ಉಬ್ಬಸ ಹೆಚ್ಚಿದ್ದು ಇದರಿಂದಲೇ ಎಂದು ಡಾಕ್ಟರ್ ಹೇಳಿಲ್ಲ. ನಾನೂ ಕೇಳಿಲ್ಲ.

‘ನನ್ನ ತಮ್ಮ ಅದಾನಂತ ನಮಗ ನೀರು ಬರ್ತೈತಿ’ ಎಂದು ಎಲ್ಲರ ಮುಂದೆ ಹೇಳಬೇಡ.

ನನ್ನ ಹಾರ್ನ್ ಕೇಳಿದರೆ ಪೂರ್ವಿ ‘ಮಾಮಾ ಬಂದಾ’ ಎನ್ನುತ್ತ ಕಿಟಕಿಗೆ ಓಡಿ ಬರುತ್ತಾಳೆ. ಇನ್ನು ಹಾರ್ನ್ ಹೊಡೆಯುವುದಿಲ್ಲ. ಕೆಟ್ಟಿದೆ ಎಂದು ಅವಳಿಗೆ ಹೇಳು.

ನಿನ್ನ ತಮ್ಮ
ಮರೆಪ್ಪ