ಕೇಳದೆ ಬಂದ ಅಭಿನಂದನೆ

ಶಹಾಬಾದ
ತಾ. ೧೦-೭-೨೦೦೬, ಸೋಮವಾರ

ಪ್ರೀತಿಯ ಅಣವೀರ ಅಣ್ಣನಿಗೆ ತಂಗಿ ಅಂಬುಜಾಳ ನಮಸ್ಕಾರ.

ಹೇಗಿದ್ದೀಯ ಅಣ್ಣಾ? ಮೊಣಕಾಲು ನೋವು ಕಡಿಮೆಯಾಯಿತೇ? ಪುಣೆಯಲ್ಲಿ ಮಳೆ ಹಿಡಿದರೆ ಬಿಡುವುದಿಲ್ಲವಂತೆ. ಹಸಿ ನೆಲದಲ್ಲಿ ಕೂತು ಫರಸಿ ಕಲ್ಲು ಹಾಸುವಾಗ ಮೊಣಕಾಲ ಕೆಳಗೆ ಗೋಣಿಚೀಲವನ್ನಾದರೂ ಮಡಚಿ ಇಟ್ಟುಕೋ. ಕೆಲಸ ಚೆಂದ ಆಗಬೇಕೆಂದು ಮೈ ಕೆಡಿಸಿಕೊಳ್ಳುವವನು ನೀನು, ಅದಕ್ಕೇ ಹೇಳುತ್ತಿದ್ದೇನೆ. ಅಪ್ಪ ಚೆನ್ನಾಗಿದ್ದಾನೆ. ಕಲ್ಲಿನ ಪಾಲಿಶ್ ಮಷಿನ್ ಹತ್ತಿರ ನಿಂತ ದಿನ ಮಾತ್ರ ಕೆಮ್ಮು ಜಾಸ್ತಿ. ಅವ್ವ ನಿನಗೆಂದು ರೊಟ್ಟಿಗೆ ಹಚ್ಚಿಕೊಳ್ಳಲು ಶೇಂಗಾ ಹಿಂಡಿ ಕುಟ್ಟಿ ಡಬ್ಬಿ ತುಂಬಿಟ್ಟಿದ್ದಾಳೆ. ಆ ಕಡೆ ಬರುವವರು ಯಾರಾದರೂ ಸಿಕ್ಕರೆ ಕಳಿಸುತ್ತಾಳೆ.

ಈಗ ಬರೆಯುವುದನ್ನು ಫೋನಿನಲ್ಲಿ ಹೇಳಬಹುದಿತ್ತು. ಆದರೆ ನಿಮ್ಮ ಕೆಲಸದ ಉಸ್ತುವಾರಿ ನೋಡುವ ಮುಕಾದಮನ ಫೋನಿಗೆ ಮಾಡಿದರೆ ಸುತ್ತ ಎಲ್ಲರೂ ಕಿವಿ ಕೊಟ್ಟು ನಿಂತಿರುತ್ತಾರೆ. ನಾನು ಸರಕಾರಿ ಶಾಲೆಯ ಟೀಚರ್ ಕೆಲಸಕ್ಕೆ ಆಯ್ಕೆಯಾದೆ ಎಂದು ಗುರುವಾರ ಸಂಜೆ ಅವ್ವ ಅದೇ ಫೋನಿನಲ್ಲಿ ಕೂಗಿ ಹೇಳಿದಳಲ್ಲ, ನೀನು ಖುಷಿಯಿಂದ ನಗುವುದು ದೂರ ನಿಂತಿದ್ದ ನನಗೂ ಕೇಳಿಸಿತು. ಅಣ್ಣಾ, ಆ ಸುದ್ದಿ ಸುಳ್ಳು. ನಾನಾಗಲಿ ಅವ್ವನಾಗಲಿ ಸುಳ್ಳು ಹೇಳಲಿಲ್ಲ, ಆದರೂ ಅದು ಸುಳ್ಳು. ಆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ನನಗೆ ವಾಡಿ ಊರಿನ ಸಂಬಂಧ ತಂದವನು ನೀನೇ. ಹುಡುಗನ ಬಗ್ಗೆ ನಾನು ಕೆಟ್ಟ ಮಾತು ಆಡುವುದಿಲ್ಲ. ಆದರೆ ಅವನ ಅವ್ವ ನಮ್ಮ ಪಡಸಾಲೆಯಲ್ಲಿ ಕೂತು, "ಸೊಸೀ ಹೊರಗ ದುಡಿಯಾಕ ಹೋಗೋದು ನಮ್ಮ ಮನ್ಯಾಗ ಇಲ್ಲರಿ" ಅಂದಾಗ ನಾನು ಚಹಾದ ಕಪ್ಪು ಬಶಿಯನ್ನು ಅಲ್ಲೇ ನೆಲಕ್ಕಿಟ್ಟು ಒಳಗೆ ಹೋದದ್ದನ್ನು ಅಪ್ಪ ನೋಡಿದ. ಅವರು ಹೋದ ಮೇಲೆ ಆಯ್ಕೆಯ ಪಟ್ಟಿ ಬರುವವರೆಗಾದರೂ ತಡೆಯಿರಿ ಎಂದು ಬೇಡಿಕೊಂಡೆ. ಅಪ್ಪ ಒಪ್ಪಿದ. "ಹೆಸರು ಬಂತಂದ್ರ ನಿನ್ನ ಮಾತು ನಡೀತದ. ಬರಲಿಲ್ಲಂದ್ರ ನಮ್ಮ ಮಾತು ಕೇಳ್ಬೇಕು ನೋಡವ್ವಾ" ಅಂದ. ನಾನು ಹೂಂ ಅಂದೆ. ಇಷ್ಟು ನಿನಗೆ ಗೊತ್ತೇ ಇದೆ.

ಪಟ್ಟಿ ಬಂದಿದೆ ಎಂದು ತಿಳಿದು ಗುರುವಾರ ನಾನು, ಲತೀಫಾ ಸ್ಟೇಶನ್ ರೋಡಿನ ಇಂಟರ್‌ನೆಟ್ ಅಂಗಡಿಗೆ ಹೋದೆವು. ಲತೀಫಾ ಗೊತ್ತಲ್ಲ, ನನ್ನ ಜೊತೆಗೇ ಡಿ.ಎಡ್. ಓದಿದವಳು, ಪರೀಕ್ಷೆಯನ್ನೂ ಜೊತೆಗೇ ಬರೆದವಳು. ಅಂಗಡಿ ನಡೆಸುವ ಮಶಾಕಣ್ಣ ಇಲಾಖೆಯ ಪುಟ ತೆರೆದ. ಅದರ ಮೇಲ್ಭಾಗದಲ್ಲಿ ಖಾಲಿ ಚೌಕ; ಇದನ್ನು ನೋಡಲು ಪ್ಲಗಿನ್ ಅನ್ನುವ ಒಂದು ಸಣ್ಣ ಪ್ರೋಗ್ರಾಮ್ ಬೇಕು ಎಂಬ ಸೂಚನೆ. "ಅದೇನಿಲ್ಲ, ಎಲ್ಲಾರೂ ಹಾಕ್ಕೋತಾರ. ಫುಕಟ್ ಅದ, ರೊಕ್ಕ ಇಲ್ಲ" ಎಂದು ಮಶಾಕಣ್ಣ ಎಲ್ಲಿಂದಲೋ ಅದನ್ನು ಇಳಿಸಿಕೊಂಡ. ಒಂದರ ಹಿಂದೆ ಒಂದು ಕಿಟಕಿ ತೆರೆದವು. ಅವನು ಮುಂದೆ, ಮುಂದೆ ಎಂದು ಒತ್ತುತ್ತಾ ಹೋದ. ನಾನೂ ಬೇಗ ಒತ್ತಲಿ ಎಂದೇ ಕಾಯುತ್ತಿದ್ದೆ. ಎಲ್ಲ ಮುಗಿದಾಗ ಪುಟದ ನೆತ್ತಿಯ ಮೇಲೆ ಬಣ್ಣಬಣ್ಣದ ಹೊಸ ಅಡ್ಡಪಟ್ಟಿಯೊಂದು ಬಂದು ಕೂತಿತ್ತು, ಅದರೊಳಗೆ ಹುಡುಕುವ ಜಾಗ. ಇಲಾಖೆಯವರೇ ಕೊಟ್ಟದ್ದೆಂದುಕೊಂಡು ನನ್ನ ನಂಬರನ್ನು ಅದರಲ್ಲಿ ಹೊಡೆದೆ.

ಪರದೆಯ ತುಂಬ ನಕ್ಷತ್ರಗಳು ಸಿಡಿದವು ಅಣ್ಣಾ. ಒಳಗಿನಿಂದ ಜನ ಚಪ್ಪಾಳೆ ತಟ್ಟುವ ಸದ್ದು. ಅಭಿನಂದನೆಗಳು, ನೀವು ಆಯ್ಕೆಯಾಗಿದ್ದೀರಿ ಎಂದು ಇಂಗ್ಲಿಷಿನಲ್ಲಿ ದಪ್ಪ ಅಕ್ಷರ. ಅದರ ಕೆಳಗೆ ಇನ್ನೂ ಏನೋ ಸಣ್ಣದಾಗಿತ್ತು, ಅದನ್ನು ಓದುವಷ್ಟು ಕಣ್ಣು ನನಗೆಲ್ಲಿತ್ತು? ಲತೀಫಾ ಕಿರುಚಿ ನನ್ನನ್ನು ಅಪ್ಪಿಕೊಂಡಳು. ಮಶಾಕಣ್ಣ ಹೊರಗೆ ಹೋಗಿ, "ಜಟ್ಟೆಪ್ಪನ ಮಗಳು ಟೀಚರ್ ಆದಳ್ರಿ!" ಎಂದು ರಸ್ತೆಗೇ ಹೇಳಿದ. ಲತೀಫಾಳ ನಂಬರ್ ಹಾಕಬೇಕೆನ್ನುವಷ್ಟರಲ್ಲಿ ಕರೆಂಟ್ ಹೋಯಿತು. ನಾಳೆ ನೋಡಿದರಾಯಿತು ಅಂದಳು. ನಾನು ನಡೆದುಕೊಂಡು ಬರಲಿಲ್ಲ, ಓಡಿಬಂದೆ. ಓಣಿಯಲ್ಲಿ ಒಂದು ಚಪ್ಪಲಿ ಕಳಚಿ ಬಿದ್ದದ್ದು ಮನೆ ಮುಟ್ಟಿದ ಮೇಲೆಯೇ ಗೊತ್ತಾದದ್ದು. ಅವ್ವ ಬಾಗಿಲಿಗೆ ನಿಂತು ಹೋಗಿಬರುವವರ ಬಾಯಿಗೆಲ್ಲ ಸಕ್ಕರೆ ಹಾಕಿದಳು. ಅಪ್ಪ ನನ್ನ ಮುಖವನ್ನೇ ನೋಡುತ್ತಾ ಕೂತಿದ್ದ. ಶುಕ್ರವಾರ ಬೆಳಗ್ಗೆ ಇಸ್ತ್ರಿ ಅಂಗಿ ಹಾಕಿಕೊಂಡು, "ಆಡಿದ ಮಾತು ನಡೆಸ್ಬೇಕು, ಮಂದೀನ್ನ ಕಾಯಿಸಬಾರದು" ಎಂದು ಸಂಬಂಧ ಬೇಡವೆಂದು ಹೇಳಲು ತಾನೇ ವಾಡಿಗೆ ಹೋದ.

ಅಪ್ಪ ಆ ಕಡೆ ಹೋದ, ನಾವಿಬ್ಬರೂ ಲತೀಫಾಳ ನಂಬರ್ ನೋಡಲು ಈ ಕಡೆ ಹೋದೆವು. ನಂಬರ್ ಹೊಡೆದೆವು. ನಕ್ಷತ್ರ, ಚಪ್ಪಾಳೆ, ಅಭಿನಂದನೆ. ಇಬ್ಬರೂ ಟೀಚರ್ ಆದೆವೆಂದು ಕೈ ಕೈ ಹಿಡಿದು ಕುಣಿದೆವು. ಅಂಗಡಿಯ ಮುಂದೆ ಬಾಳೆಹಣ್ಣು ಮಾರುವ ಭೀಮಬಾಯಿ ನಮ್ಮ ಗದ್ದಲ ಕೇಳಿ ಬಾಗಿಲಲ್ಲಿ ಇಣುಕಿ, "ನಂದೂ ಒಂದು ನಂಬರ್ ಹಚ್ಚೋ ಮಶಾಕ, ನಾನೂ ಸಾಲಿಗೆ ಹೋಗ್ತೀನಿ" ಅಂದಳು. ಮಶಾಕಣ್ಣ ನಗುತ್ತಾ ಕೈಗೆ ಬಂದ ಅಂಕಿಗಳನ್ನು ಹೊಡೆದ.

ಅದೇ ನಕ್ಷತ್ರ. ಅದೇ ಚಪ್ಪಾಳೆ.

ಭೀಮಬಾಯಿ, "ಏ, ನಾನೂ ಪಾಸಾದೆ ನೋಡ್ರೋ!" ಎಂದು ನಕ್ಕಳು. ಬೇರೆ ಯಾರೂ ನಗಲಿಲ್ಲ. ಮಶಾಕಣ್ಣನ ಬೆರಳು ಕೀಲಿಯ ಮೇಲೆ ಹಾಗೇ ನಿಂತುಬಿಟ್ಟಿತು. ಅವನು ಮತ್ತೊಂದು ಅಂಕಿ ಹೊಡೆದ, ಮತ್ತೊಂದು ಹೊಡೆದ. ಎಲ್ಲಕ್ಕೂ ಚಪ್ಪಾಳೆ. ಆಗ ನಾನು ಕೆಳಗಿನ ಸಣ್ಣ ಅಕ್ಷರ ಓದಿದೆ. ಬಹುಮಾನ ಪಡೆಯಲು ಇಲ್ಲಿ ಒತ್ತಿ ಎಂದಿತ್ತು. ಅದು ಯಾವುದೋ ಜಾಹೀರಾತು.

ಇದು ಎಲ್ಲಿಂದ ಬಂತೆಂದು ನೋಡಲು ಮಶಾಕಣ್ಣ ಪಕ್ಕದ ಕಂಪ್ಯೂಟರಿಗೆ ಅದೇ ಪ್ಲಗಿನ್ ಇಳಿಸತೊಡಗಿದ. ಈ ಸಲ ನಾನು ಒಂದೊಂದೇ ಸಾಲು ಓದುವವರೆಗೆ ಒತ್ತಬೇಡ ಅಂದೆ. ಎರಡನೆಯ ಕಿಟಕಿಯ ಮೂಲೆಯಲ್ಲಿ ಅದಿತ್ತು. ಇದರ ಜೊತೆ ಹುಡುಕುವ ಅಡ್ಡಪಟ್ಟಿ, ಇನ್ನಿತರ ಕೊಡುಗೆಗಳು ನನಗೂ ಬೇಕು ಎಂಬ ಸಾಲು, ಅದರ ಮುಂದೆ ಪುಟ್ಟ ಚೌಕ, ಚೌಕದಲ್ಲಿ ಆಗಲೇ ಬಿದ್ದಿದ್ದ ಟಿಕ್ ಗುರುತು. ನಾವು ಹಾಕಿದ್ದಲ್ಲ. ನಾವು ಹೂಂ ಅನ್ನುವ ಮೊದಲೇ ನಮ್ಮ ಪರವಾಗಿ ಯಾರೋ ಹೂಂ ಅಂದಿಟ್ಟಿದ್ದರು. "ನಾ ಖರೇನೇ ನೋಡಿಲ್ಲವ್ವಾ" ಎಂದು ಮಶಾಕಣ್ಣ ತಲೆ ಹಿಡಿದುಕೊಂಡ. ಅವನನ್ನು ಏನೆಂದು ಬೈಯಲಿ? ಇನ್ನೂ ಕೇಳು. ಆ ಪ್ಲಗಿನ್ ಬೇಕಾಗಿದ್ದದ್ದು ಪುಟದ ಮೇಲೆ ಓಡಾಡುವ ಚಿತ್ರಕ್ಕಂತೆ. ಆಯ್ಕೆ ಪಟ್ಟಿ ಅದಿಲ್ಲದೆಯೇ ತೆರೆಯಿತು. ಅದರಲ್ಲಿ ಲತೀಫಾಳ ಹೆಸರಿತ್ತು. ನನ್ನದಿರಲಿಲ್ಲ. ಲತೀಫಾ ತನ್ನ ಹೆಸರನ್ನು ಎರಡನೇ ಸಲ ನೋಡಲೂ ಇಲ್ಲ, ನನ್ನನ್ನು ಹಿಡಿದುಕೊಂಡು ಅತ್ತಳು. ನನಗೆ ಅಳು ಬರಲಿಲ್ಲ. ಅಪ್ಪ ವಾಡಿ ಮುಟ್ಟಿರುತ್ತಾನೆ ಎನ್ನುವುದೊಂದೇ ತಲೆಯಲ್ಲಿತ್ತು.

ಮಧ್ಯಾಹ್ನ ಅಪ್ಪ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಹೇಳಿದೆ. ಅವ್ವ ಎದೆ ಎದೆ ಬಡಿದುಕೊಂಡು, "ಈಗಿಂದೀಗ ವಾಪಸ್ ಹೋಗ್ರಿ, ಮಷಿನ್ ಸುಳ್ಳು ಹೇಳ್ಯದ ಅನ್ರಿ, ಅವರ ಕಾಲಾದ್ರೂ ಹಿಡೀರಿ" ಅಂದಳು. ಅಪ್ಪ ಕೊಡದಿಂದ ನೀರು ಬಗ್ಗಿಸಿ ಕುಡಿದು ಗೋಡೆಗೆ ಒರಗಿ ಕೂತ. ಬೈಯುತ್ತಾನೆಂದು ನಾನು ತಲೆ ತಗ್ಗಿಸಿದೆ. ಅವನು ಅವ್ವನಿಗೆ ಅಂದ, "ಮಾಣಿಕಾ, ನಿನ್ನೆ ಇಕಿ ಓಡಿಬಂದಾಗ ಇಕಿ ಮಾರಿ ನೋಡಿದ್ಯೇನು? ಲಗ್ನದ ಮಾತು ಶುರು ಆದಾಗಿಂದ ಆ ಮಾರಿ ನಾ ನೋಡಿದ್ದಿಲ್ಲ. ಮಷಿನ್ ಸುಳ್ಳು ಇರಬೌದು, ಆ ಮಾರಿ ಸುಳ್ಳಲ್ಲ." ಆಗ ಬಂತು ಅಣ್ಣಾ ನನಗೆ ಅಳು.

ಅಪ್ಪ ವಾಡಿಗೆ ವಾಪಸ್ ಹೋಗಲಿಲ್ಲ. ಮುಂದಿನ ವರ್ಷ ಮತ್ತೆ ಪರೀಕ್ಷೆ ಕರೆಯುತ್ತಾರಂತೆ. ಲತೀಫಾ ತನ್ನ ಪುಸ್ತಕಗಳನ್ನೆಲ್ಲ ತಂದುಕೊಟ್ಟಿದ್ದಾಳೆ. ಮಶಾಕಣ್ಣ ಆ ಬಣ್ಣದ ಅಡ್ಡಪಟ್ಟಿಯನ್ನು ಎಷ್ಟು ಕಿತ್ತರೂ ಅದು ಮತ್ತೆ ಬಂದು ಕೂರುತ್ತಿದೆಯಂತೆ.

ಅಪ್ಪ, ಅವ್ವ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಜೊತೆಯವರಿಗೆಲ್ಲ ನನ್ನ ಶರಣು ಹೇಳು. ಹೊತ್ತಿಗೆ ಸರಿಯಾಗಿ ಉಣ್ಣು.

ನಿನ್ನ ತಂಗಿ,
ಅಂಬುಜಾ

ತಾ.ಕ.: ಲಕೋಟೆ ಅಂಟಿಸುವ ಮೊದಲು ಅವಸರದಲ್ಲಿ ಬರೆಯುತ್ತಿದ್ದೇನೆ. ಆಯ್ಕೆ ಸುಳ್ಳೆಂಬ ಸುದ್ದಿ ಯಾರಿಂದಲೋ ಕೇಳಿ ವಾಡಿಯವರು ಇವತ್ತು ಹೇಳಿಕಳಿಸಿದ್ದಾರೆ, ನೌಕರಿ ಇಲ್ಲದಿದ್ದರೆ ಒಳ್ಳೆಯದೇ ಆಯಿತು, ನಾವು ತಯಾರಿದ್ದೇವೆ ಅಂತ. ಅವ್ವ ಹಟ ಹಿಡಿದಿದ್ದಾಳೆ. ಅಪ್ಪನೂ ಮೆತ್ತಗಾಗಿ, "ಸಂಬಂಧ ತಂದಾಂವ ಅಣವೀರ, ಅವನ್ನೇ ಕೇಳೋಣು" ಅಂದಿದ್ದಾನೆ. ರವಿವಾರ ಮುಕಾದಮನ ಫೋನಿಗೆ ಮಾಡುತ್ತಾರೆ. ಅವ್ವ ಅಳುತ್ತಾಳೆ. ಅಣ್ಣಾ, ನನ್ನನ್ನು ಇನ್ನೂ ಯಾರೂ ಕೇಳಿಲ್ಲ. ನೀನು ಬೇಡ ಅನ್ನು.