ಲಾಂಡ್ರಿಯಲ್ಲಿ ನನಗಿಟ್ಟ ಸನ್ನೆ

ಪ್ರೀತಿಯ ಸೊಸೆಗೆ,

ಬರೆಯುತ್ತಿರುವವಳು ನಿನ್ನ ಅತ್ತೆ. ಹೈಸ್ಕೂಲು ಮುಗಿಸಿದವಳು, ನಿನ್ನ ಮಾವ ಹೋದ ಮೇಲೆ ಈ ಲಾಂಡ್ರಿಯನ್ನು ಒಬ್ಬಳೇ ನಡೆಸಿದವಳು. ಇಲ್ಲಿ ನನಗೆ ಎದುರಾಡುವವರಿಲ್ಲ, ನಿನ್ನೊಬ್ಬಳನ್ನು ಬಿಟ್ಟು.

"ಜೊತೇಲಿ ದುಡಿಯೋರಿಗೆ ಒಬ್ಬರಿಗೆ ಏನು ಬರುತ್ತೆ ಅಂತ ಇನ್ನೊಬ್ಬರಿಗೆ ಗೊತ್ತಿಲ್ಲ ಅತ್ತೆ. ಶನಿವಾರ ಒಂದು ಗಂಟೆ ಕೊಡಿ, ಅವರವರ ಕಲೆ ತೋರಿಸಲಿ," ಅಂತ ನೀನು ಅಂದೆ. ಒಂದು ಸಲ ನೋಡುತ್ತೇನೆ, ಹಿಡಿಸದಿದ್ದರೆ ಮತ್ತೆ ಆ ಮಾತೆತ್ತಬಾರದು ಎಂದು ನಾನು ಹೇಳಿದ್ದೆ. ನೀನು ಒಪ್ಪಿ, ಮರುದಿನವೇ ಮೆಟ್ಟಿಲಲ್ಲಿ ಜಾರಿ, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ತವರಲ್ಲಿ ಮಲಗಿದೆ. ನಡೆಸುವ ಕೆಲಸ ನನ್ನ ತಲೆಗೆ ಬಂತು.

ಶನಿವಾರ ಬಟ್ಟೆ ಮಡಚುವ ಮೇಜುಗಳನ್ನು ಗೋಡೆಗೆ ಸರಿಸಿ ಎಲ್ಲರನ್ನೂ ಕೂರಿಸಿದೆ. ಇಸ್ತ್ರಿ ಅಕ್ಕ ಹಾಡಿದಳು. ಆ ಸಣ್ಣ ಮೈಯಲ್ಲಿ ಅಷ್ಟು ದನಿ ಎಲ್ಲಿ ಅಡಗಿತ್ತೋ. ಆಮೇಲೆ ಬಟ್ಟೆ ಒಗೆಯುವ ದೊಡ್ಡ ಮಷಿನ್ನಿನವನು ಎದ್ದ. ಮಷಿನ್ ಓಡುವಾಗ ಮಾತು ಕೇಳಿಸುವುದಿಲ್ಲವೆಂದು ಅವರೆಲ್ಲ ಕೈಸನ್ನೆಯಲ್ಲೇ ಮಾತಾಡಿಕೊಳ್ಳುವುದು ನಿನಗೆ ಗೊತ್ತಲ್ಲ, ಅವನು ಆ ಸನ್ನೆಗಳಲ್ಲೇ ಕಳೆದುಹೋದ ಒಂಟಿ ಕಾಲುಚೀಲದ ಕತೆ ಹೇಳಿದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಡುವೆ ಅವನು ಗದ್ದ ಮೇಲೆತ್ತಿ, ಸೊಂಟದ ಬಳಿ ಬೀಗದ ಕೈ ಗೊಂಚಲು ಅಲ್ಲಾಡಿದಂತೆ ಬೆರಳು ಆಡಿಸಿದ. ನಗು ಥಟ್ಟನೆ ನಿಂತಿತು. ಅವನ ಕೈ ಅಲ್ಲೇ ಉಳಿಯಿತು.

"ಅದ್ಯಾರು?" ಎಂದೆ.

"ಹೊತ್ತಾಯ್ತು, ಹೊರಡ್ತೀನಿ," ಎಂದು ಇಸ್ತ್ರಿ ಅಕ್ಕ ಎದ್ದಳು. "ಕೂತ್ಕೊಳ್ಳೇ," ಎಂದು ಗದರಿದೆ. ಕೂತವಳೇ, "ಇನ್ಯಾರಮ್ಮ, ನೀವೇ. ನೀವು ಬರೋದು ಕಂಡ್ರೆ ಬಾಗಿಲ ಹತ್ರ ಇರೋರು ಹೀಗೆ ಮಾಡ್ತಾರೆ, ಒಳಗಿನೋರು ಹುಷಾರಾಗ್ತಾರೆ," ಎಂದಳು.

ಸಿಟ್ಟು ಬರಬೇಕಿತ್ತು. ಬಂದದ್ದು ಕುತೂಹಲ. ಇದನ್ನು ಮೊದಲು ಮಾಡಿದವರು ಯಾರು? ನಾನು ನಿಜವಾಗಿ ಹಾಗೆ ನಡೆಯುತ್ತೇನೆಯೇ? ನಿನಗೂ ಒಂದು ಸನ್ನೆ ಇದೆಯೇ? (ಇದೆ. ಕೇಳಿ ತಿಳಿದುಕೊಂಡೆ. ಬಂದ ಮೇಲೆ ತೋರಿಸುತ್ತೇನೆ.)

"ಇನ್ನೊಂದ್ಸಲ ಮಾಡು," ಎಂದು ಮಷಿನ್ನಿನವನಿಗೆ ಹೇಳಿದೆ. ಕೆಲಸ ಹೋಯಿತೆಂದೇ ತಿಳಿದು, ಪಾಪ, ಅರ್ಧಂಬರ್ಧ ಮಾಡಿದ. "ಗದ್ದ ಸಾಲದು. ಇನ್ನೂ ಮೇಲೆತ್ತು," ಎಂದು ತಿದ್ದಿದೆ. ಆಗ ಎದ್ದ ನಗುವಿಗೆ ನಮ್ಮ ದೊಡ್ಡ ಮಷಿನ್ನಿನ ಸದ್ದೂ ಸಾಟಿಯಲ್ಲ.

ಹಿಡಿಸಿತೆಂದು ಬಾಯಿಬಿಟ್ಟು ಹೇಳುವವಳು ನಾನಲ್ಲ. ಆದರೆ ಶನಿವಾರದ ಆ ಗಂಟೆಯನ್ನು ಖಾಯಂ ಎಂದು ಬೋರ್ಡಿನ ಮೇಲೆ ಬರೆಸಿದ್ದೇನೆ. ಸೋಮವಾರ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಗದ್ದ ಎತ್ತಿ, ಬೆರಳು ಆಡಿಸಿ, ನಾನು ಬರುವ ಸುದ್ದಿಯನ್ನು ನಾನೇ ಕೊಟ್ಟು ಒಳಗೆ ಹೋದೆ.

ಕಾಲು ಬೇಗ ಗಟ್ಟಿಯಾಗಲಿ, ಸುಖವಾಗಿರು.

ನಿನ್ನ ಅತ್ತೆ