ಹದಿನೈದನೆಯ ಅಧ್ಯಾಯದ ಆಚೆ

ಚೌಕಿಪೇಟೆ, ದಾವಣಗೆರೆ
ತಾ॥ 6-2-1959

ಚಿರಂಜೀವಿ ವಾಮದೇವನಿಗೆ ನಿನ್ನ ತಾಯಿ ಅನ್ನಪೂರ್ಣಮ್ಮ ಹರಸಿ ಬರೆಯುವುದು.

ಇಲ್ಲಿ ನಾವೆಲ್ಲ ಕ್ಷೇಮ. ನಿನ್ನ ಚಳಿಜ್ವರ ಬಿಟ್ಟಿತೇ? ಲಕ್ಕವಳ್ಳಿಯ ಅಣೆಕಟ್ಟನ್ನು ನೀನೊಬ್ಬನೇ ಕಟ್ಟುತ್ತಿಲ್ಲ. ಓವರ್ಸಿಯರ್ ಎರಡು ದಿನ ಮಲಗಿದರೆ ಭದ್ರೆ ಎಲ್ಲಿಗೂ ಓಡಿಹೋಗುವುದಿಲ್ಲ. ಕ್ವಿನೈನ್ ಕಹಿ ಎಂದು ಉಗುಳಬೇಡ. ಚಿಕ್ಕಂದಿನಲ್ಲಿ ಹರಳೆಣ್ಣೆಯನ್ನು ಬಾಯಲ್ಲಿಟ್ಟುಕೊಂಡು ಹಿತ್ತಲಿಗೆ ಓಡುತ್ತಿದ್ದವನು ನೀನು. ಆದ್ದರಿಂದ ಸೊಸೆ ನಿರ್ಮಲೆಯ ಎದುರಿಗೇ ನುಂಗು. ಅವಳ ಕಾಲಿನ ಊತ ಇಳಿದಿದೆಯೇ ಎಂದು ತಿಳಿಸು. ನಿಮ್ಮಿಬ್ಬರಿಗೂ ಶಾವಿಗೆ ಕಳಿಸುತ್ತೇನೆ. ಈ ಸಲದ್ದು ಸ್ವಲ್ಪ ದಪ್ಪಗಾಗಿದೆ. ಕೈ ತಪ್ಪಿತೆಂದು ತಿಳಿಯಬೇಡ, ಅದಕ್ಕೆ ಕಾರಣ ಬೇರೆ ಇದೆ.

ಹರಿಹರದವರು ಸೋಮವಾರ ಬಂದು ದಾಕ್ಷಾಯಣಿಯನ್ನು ನೋಡಿಕೊಂಡು ಹೋದರು. "ಹದಿನೆಂಟು ತುಂಬಿದೆ, ಮಾಘದಲ್ಲೇ ಮದುವೆ ಮುಗಿಸಿಬಿಡವ್ವ. ಎಸ್ಸೆಸ್ಸೆಲ್ಸಿ ಕಟ್ಟಿ ಅವಳಿಗೆ ಆಗಬೇಕಾದ್ದೇನು, ಆ ಹಳೇ ಕಾದಂಬರಿ ಓದಿ ಯಾರು ಉದ್ಧಾರವಾಗಿದ್ದಾರೆ" ಎಂದು ನೀನು ಬರೆದಿದ್ದೆಯಲ್ಲ, ಅದಕ್ಕೆ ಉತ್ತರ ಇದು. ಮಾಘದಲ್ಲಿ ಮದುವೆ ಇಲ್ಲ. ನಿನ್ನ ಮಗಳು ಪರೀಕ್ಷೆ ಬರೆಯುತ್ತಾಳೆ. ವಿಷಮಜ್ವರ ಬಂದು ಎರಡು ವರ್ಷ ಹಿಂದೆ ಬಿದ್ದವಳು, ಮೂರನೆಯದನ್ನು ಮದುವೆಗೆ ಕೊಡಲು ನನಗೆ ಮನಸ್ಸಿಲ್ಲ. ನಾನೂ ಹೈಸ್ಕೂಲಿನ ಮೆಟ್ಟಿಲು ಹತ್ತಿದವಳೇ. ಕೊನೆಯ ಮೆಟ್ಟಿಲಿನಲ್ಲಿ ನನ್ನನ್ನು ಇಳಿಸಿ ಹಸೆಮಣೆಯ ಮೇಲೆ ಕೂರಿಸಿದರು. ನಿಮ್ಮ ತಂದೆಯವರು ದೇವರಂಥವರು, ಅದು ಬೇರೆ ಮಾತು. ಓದುವ ಮೊದಲೇ ಸಿಟ್ಟು ಮಾಡಿಕೊಳ್ಳಬೇಡ. ಓದಿದ ಮೇಲೂ ಮಾಡಿಕೊಳ್ಳಬೇಡ.

ನಿನ್ನ ಕಾಲಕ್ಕೆ ಈ ಕಾದಂಬರಿ ಪಾಠಕ್ಕೆ ಇರಲಿಲ್ಲ. ಈಗ ಎಷ್ಟೋ ವರ್ಷದಿಂದ ಅದನ್ನೇ ಇಡುತ್ತಿದ್ದಾರಂತೆ. ಅತ್ತೆಯ ಕೈಯಲ್ಲಿ ಸಿಕ್ಕಿದ ಒಬ್ಬ ಸೊಸೆಯ ಕಥೆ. ದಾಕ್ಷಾಯಣಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಂಬಕ್ಕೆ ಒರಗಿ ತೂಕಡಿಸುತ್ತಿದ್ದಳು. ಕೇಳಿದರೆ, "ಕಣ್ಣಾಗೇ ಓದಾಕ್ಹತ್ತೀನಿ ಅಜ್ಜಿ" ಅಂದಳು. ನಮ್ಮ ಮನೆಯಲ್ಲಿ ಕಣ್ಣಲ್ಲಿ ಓದುವ ಪದ್ಧತಿ ಇಲ್ಲ. ಬಾಯಿ ಬಿಟ್ಟು ಓದು, ನನಗೆ ಒಲೆಯ ಮುಂದೆ ಕೇಳಬೇಕು ಎಂದೆ. ನೀವೆಲ್ಲ ಹಾಗೆ ಓದಿಯೇ ಪಾಸಾದಿರಿ. ಆದರೆ ಆ ಹೊತ್ತಿಗೆ ಪಡಸಾಲೆಯಲ್ಲಿ ಹೆಂಗಸರು ಶಾವಿಗೆ ಮಣೆ ಹಾಕಿಕೊಂಡು ಕೂತಿರುತ್ತಾರೆ, ಅವರಿಗೂ ಕಿವಿ ಇದೆ ಎಂಬುದು ನನ್ನ ಲಕ್ಷ್ಯಕ್ಕೆ ಬರಲಿಲ್ಲ.

ರೊಟ್ಟಿ ಬಡಿಯುವ ನಮ್ಮ ರಂಗವ್ವ ಮೊದಲ ದಿನ ಇದು ಯಾವ ಶರಣೆಯ ಕಥೆ ಎಂದು ಕೇಳಿದಳು. ಎರಡನೆಯ ದಿನ ಕೈಕಾಲು ತೊಳೆದುಕೊಂಡು ಬಂದು ದೀಪ ಹಚ್ಚಿ, ಪುಸ್ತಕಕ್ಕೆ ವಿಭೂತಿ ಹಚ್ಚಿದಳು. ಮಠದಲ್ಲಿ ಶ್ರಾವಣದ ಪುರಾಣ ಕೇಳಿ ರೂಢಿಯಾದವಳು; ಅಚ್ಚಾದ ಪುಸ್ತಕವನ್ನು ಗಟ್ಟಿಯಾಗಿ ಓದಿದರೆ ಅದು ಪುರಾಣವೇ ಎಂದು ಅವಳ ನಂಬಿಕೆ. ಹಿತ್ತಲ ಮನೆಯ ರಹೀಮುನ್ನೀಸಾ ಹಬ್ಬದ ಸುರ್‌ಕುಂಬಾ ಪಾಯಸಕ್ಕೆಂದು ತನ್ನ ಪಾಲಿನ ಶಾವಿಗೆ ಹೊಸೆಯಲು ಬರುತ್ತಿದ್ದವಳು, ಹಿಟ್ಟು ಮುಗಿದರೂ ಬರುವುದು ಬಿಡಲಿಲ್ಲ. ಕಥೆಯಲ್ಲಿ ಅತ್ತೆ ಸೊಸೆಯ ತಲೆಗೆ ಮಿಳ್ಳೆಯಲ್ಲಿ ಅಳೆದು ಎಣ್ಣೆ ಹಾಕುತ್ತಾಳೆ, ಹಾಲಿನ ಗೂಡಿಗೆ ಬೀಗ ಹಾಕಿ ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಾಳೆ. "ಇಷ್ಟು ಬೇರಹಂ, ದಯಾ ಇಲ್ಲದ ಅತ್ತೆ ನಮ್ಮ ಗಲ್ಲಿಯಾಗ ಇಲ್ಲಮ್ಮ" ಎಂದ ರಹೀಮುನ್ನೀಸಾ, ಸ್ವಲ್ಪ ಯೋಚಿಸಿ, "ಮೂರು ಜನ ಅದಾರೆ, ಆದ್ರೆ ಇಷ್ಟಿಲ್ಲ" ಎಂದು ತಿದ್ದಿಕೊಂಡಳು. ಅತ್ತೆ ಬಯ್ಯುವ ಕಡೆಯಲ್ಲೆಲ್ಲ ಇವರ ಕೈ ನಿಂತುಬಿಡುತ್ತಿತ್ತು. ಮಣೆಯ ಮೇಲೆ ಎಳೆ ಎಳೆಯಾಗಿ ಇಳಿಯಬೇಕಾದ ಶಾವಿಗೆ ಬಾವಿಯ ಹಗ್ಗದಂತೆ ಇಳಿಯಿತು. ನಿಮಗೆ ಬರುವುದು ಅದೇ.

ಒಂದು ಮಾತು ಹೇಳುತ್ತೇನೆ. ಆ ಕಾದಂಬರಿ ಬರೆದವರಿಗೆ ಕತ್ತರಿಯ ಅಭ್ಯಾಸವಿಲ್ಲ. ಹೊಳೆಯ ವರ್ಣನೆಯೇ ನಾಲ್ಕು ಪುಟ. "ಹೊಳಿ ಅಲ್ಲೇ ಇರತೈತೆ, ಆ ಹುಡುಗಿ ಏನಾತು ಹೇಳವ್ವ" ಎಂದು ರಂಗವ್ವ ಗದರುತ್ತಿದ್ದಳು. ಆದರೆ ಪುಸ್ತಕದ ಹಿಂದಿರುವ ಪ್ರಶ್ನೆಗಳನ್ನು ದಾಕ್ಷಾಯಣಿ ಓದಿದಾಗ ನನಗೆ ಆಶ್ಚರ್ಯವಾಯಿತು. "ಈ ಮಾತನ್ನು ಯಾರು ಯಾರಿಗೆ ಹೇಳಿದರು" ಎಂದು ಕೇಳುವುದೇ ತಡ, ಓದು ಬರಹ ಅರಿಯದ ಇವರು ಯಾರು, ಯಾರಿಗೆ, ಯಾವ ಮುಖ ಮಾಡಿಕೊಂಡು, ಯಾರು ಕದ್ದು ಕೇಳುತ್ತಿದ್ದಾಗ ಎಂಬುದನ್ನೆಲ್ಲ ಹೇಳಿದರು. ಅತ್ತೆಯ ಪಾತ್ರಚಿತ್ರಣ ಮಾಡಿರಿ ಎಂಬ ಪ್ರಶ್ನೆಗೆ ರಂಗವ್ವ ಮಾಡಿದ ಚಿತ್ರಣವನ್ನು ಉತ್ತರ ಪತ್ರಿಕೆಯಲ್ಲಿ ಬರೆಯುವ ಹಾಗಿಲ್ಲ, ಇಲ್ಲೂ ಬರೆಯುವುದಿಲ್ಲ.

ಹದಿನೈದನೆಯ ಅಧ್ಯಾಯದಲ್ಲಿ ಅತ್ತೆ ಸೊಸೆಯನ್ನು ಹೊರಗೆ ಹಾಕುತ್ತಾಳೆ. ಹುಡುಗಿ ತವರಿಗೆಂದು ಹೊರಟರೆ ಹೊಳೆ ತುಂಬಿ ಹರಿಯುತ್ತಿದೆ, ಅಂಬಿಗನಿಲ್ಲ. ದಂಡೆಯ ಮೇಲೆ ಕೂತುಕೊಳ್ಳುತ್ತಾಳೆ. ಅಲ್ಲಿಗೆ ದಾಕ್ಷಾಯಣಿ ಪುಸ್ತಕ ಮುಚ್ಚಿದಳು. ಮರುದಿನ ಓದು ಎಂದರೆ, "ಟೀಚರು ಪರೀಕ್ಷೆಗೆ ಹದಿನೈದರ ತನಕ ಸಾಕು ಅಂದಾರೆ, ಮುಂದಿಂದು ಬರಂಗಿಲ್ಲ" ಅಂದಳು. ರಂಗವ್ವ ನನ್ನ ಕಡೆ ತಿರುಗಿ, "ಮಂಗಳ ಹಾಡದೆ ಪುರಾಣ ಮುಚ್ಚತಾರೇನ್ರಿ ಅಮ್ಮಾರೆ? ಮನೆಗೆ ಒಳ್ಳೇದಾಗಂಗಿಲ್ಲ" ಎಂದಳು. ಇದು ಪುರಾಣವಲ್ಲ ಪಾಠ, ಪಾಠ ಎಷ್ಟು ಬೇಕೋ ಅಷ್ಟೇ ಎಂದು ನಾನು ಗದರಿದೆ. ಮರುದಿನದ ರೊಟ್ಟಿಗಳೆಲ್ಲ ಒಂದು ಕಡೆ ಹೊತ್ತಿದ್ದವು.

ಹೀಗಿರುವಾಗ ಹರಿಹರದವರು ಬಂದರು. ಅಕ್ಕಿ ಗಿರಣಿಯ ಬಕ್ಕೇಶಪ್ಪನವರು, ಅವರ ಹೆಂಡತಿ ಶಕುಂತಲಮ್ಮ, ಮಗ ಪಂಚಾಕ್ಷರಿ. ಶಕುಂತಲಮ್ಮ ಗಟ್ಟಿ ಹೆಂಗಸು, ಸೊಂಟದಲ್ಲಿ ಕೀಲಿಗೊಂಚಲು. ರಂಗವ್ವ ಬಾಗಿಲಲ್ಲೇ ಅದನ್ನು ನೋಡಿ ನನ್ನ ಸೆರಗು ಜಗ್ಗಿದಳು. ಆಕೆ ಕೂತವರೇ, "ಮಾಘದಾಗ ಮುಗಿಸಿಬಿಡಣ್ರಿ. ಪರೀಕ್ಷೆ ಬರದು ನಮ್ಮ ಗಿರಣಿಯಾಗ ಗುಮಾಸ್ತೆ ಆಗಬೇಕೇನು" ಎಂದರು. ನಾನು ತುಟಿ ಬಿಗಿಹಿಡಿದೆ. ಹುಡುಗಿಯ ಅಜ್ಜಿ ಮೊದಲ ದಿನವೇ ಮಾತಿಗೆ ಮಾತು ಕೊಟ್ಟರೆ ಸಂಬಂಧ ಮುರಿದದ್ದು ಅವಳಿಂದಲೇ ಎಂದಾಗುತ್ತದೆ. ಆಮೇಲೆ ಆಕೆ ದಾಕ್ಷಾಯಣಿಯ ಜಡೆ ಬಿಚ್ಚಿಸಿ ನೋಡಿ, ಕೂದಲು ಚೆನ್ನಾಗಿದೆ ಎಂದರು. ಮಂಡಕ್ಕಿ ತಟ್ಟೆ ಹಿಡಿದು ನಿಂತಿದ್ದ ರಂಗವ್ವ ತಡೆಯಲಾರದೆ ಕೇಳಿಯೇಬಿಟ್ಟಳು: "ನಿಮ್ಮ ಮನ್ಯಾಗ ಸೊಸೇರಿಗೆ ಎಣ್ಣಿ ಯಾರು ಹಾಕ್ಕೊಡ್ತಾರ್ರಿ?" ಶಕುಂತಲಮ್ಮ ಹೆಮ್ಮೆಯಿಂದ, "ನಾನೇ. ದೊಡ್ಡ ಸೊಸಿ ಸಣ್ಣ ಸೊಸಿ ಅನ್ನೋ ಭೇದ ನನ್ನತ್ರ ಇಲ್ಲ, ಮಿಳ್ಳಿಯಾಗ ಅಳದು ಒಂದೇ ಸಮ ಹಾಕ್ತೀನಿ" ಎಂದರು. ತಟ್ಟೆ ನೆಲಕ್ಕೆ ಬಿತ್ತು. ಹಿತ್ತಲ ಬಾಗಿಲಲ್ಲಿ ರಹೀಮುನ್ನೀಸಾ "ಯಾ ಅಲ್ಲಾ, ಅದೇ ಐತೆ" ಎಂದದ್ದು ಇಡೀ ಮನೆಗೆ ಕೇಳಿಸಿತು. ಬಕ್ಕೇಶಪ್ಪನವರು ಕಾಲಲ್ಲೇ ಚಪ್ಪಲಿ ಹುಡುಕತೊಡಗಿದರು.

ಮರ್ಯಾದೆ ಉಳಿಸಿಕೊಳ್ಳಲು ಇದ್ದದ್ದು ಇದ್ದ ಹಾಗೆ ಹೇಳಬೇಕಾಯಿತು. ಇದು ಶಾಲೆಯ ಒಂದು ಕಥೆ, ಇವರು ಅದನ್ನು ತಲೆಗೆ ಹಚ್ಚಿಕೊಂಡಿದ್ದಾರೆ ಎಂದೆ. ಶಕುಂತಲಮ್ಮ ಎದ್ದು ಹೋಗುವ ಹೆಂಗಸಲ್ಲ. "ಮಿಳ್ಳಿಯಾಗ ಅಳದ್ರೆ ತಪ್ಪೇನೈತೆ? ಹೇಳ್ರಿ ಆ ಕಥೀನ, ಯಾರದು ತಪ್ಪು ಅಂತ ನಾನೇ ನೋಡ್ತೀನಿ" ಎಂದು ಚಕ್ಕಳಮಕ್ಕಳ ಹಾಕಿ ಕೂತರು. ರಂಗವ್ವ ಹೊಳೆಯ ವರ್ಣನೆ ಬಿಟ್ಟು ಮಿಕ್ಕದ್ದನ್ನೆಲ್ಲ ಹೇಳಿದಳು. ಶಕುಂತಲಮ್ಮ ಮೊದಮೊದಲು ಅತ್ತೆಯ ಪಕ್ಷ. ಹಾಲಿನ ಬೀಗಕ್ಕೂ "ಬೆಕ್ಕು ಇದ್ದೀತು ಬಿಡು" ಎಂದರು. ಸೊಸೆ ದಂಡೆಯ ಮೇಲೆ ಕೂರುವ ಹೊತ್ತಿಗೆ ಸೆರಗು ಮೂಗಿಗೆ ಹೋಗಿತ್ತು. ಮುಂದೆ ಏನಾಯಿತೆಂದು ಕೇಳಿದರು. ಪರೀಕ್ಷೆಗೆ ಇಲ್ಲ ಎಂದಳು ನಿನ್ನ ಮಗಳು. "ಪರೀಕ್ಷೆಗೆ ಬೆಂಕಿ ಹಾಕು, ಹುಡುಗಿ ಅಲ್ಲಿ ದಂಡಿ ಮೇಲೆ ಕುಂತೈತೆ" ಎಂದರು. ಎಲ್ಲರೂ ನನ್ನ ಮುಖ ನೋಡಿದರು. ಹೈಸ್ಕೂಲು ಓದಿದವಳೆಂದು ಮೂವತ್ತು ವರ್ಷದಿಂದ ಇವರಿಗೆಲ್ಲ ಹೇಳಿಕೊಂಡು ಬಂದವಳು ನಾನೇ. ಪುಸ್ತಕ ತರಿಸಿ ಕನ್ನಡಕ ಹಾಕಿಕೊಂಡೆ.

ಮೊದಲು ಮನಸ್ಸಿನಲ್ಲೇ ಎರಡು ಪುಟ ಓದಿದೆ. ಆ ಹುಡುಗಿ ಸಾಯುತ್ತಾಳೆ ವಾಮದೇವ. ಅಂಬಿಗನ ಗುಡಿಸಲಲ್ಲಿ ಜ್ವರ ಬಂದು ಸಾಯುತ್ತಾಳೆ, ಅತ್ತೆ ಬರುವ ಹೊತ್ತಿಗೆ ಮಾತು ನಿಂತಿರುತ್ತದೆ. ಹೆಣ್ಣು ನೋಡುವ ಶಾಸ್ತ್ರದ ದಿನ, ತಲೆಗೆ ಹೂವಿಟ್ಟುಕೊಂಡು ಕೂತ ಹುಡುಗಿಯ ಎದುರಿಗೆ, ಅದನ್ನು ಯಾವ ಬಾಯಿಂದ ಓದಲಿ? ಓದಲಿಲ್ಲ. ಪುಟದ ಮೇಲೆ ಕಣ್ಣಿಟ್ಟು ನನಗೆ ತೋಚಿದ್ದನ್ನು ಓದಿದೆ. ಅತ್ತೆ ಹೊಳೆಯ ದಂಡೆಗೆ ತಾನೇ ಓಡಿ ಬಂದಳು, ಹೆಗಲ ಮೇಲಿನ ಶಾಲು ತೆಗೆದು ಸೊಸೆಗೆ ಹೊದಿಸಿದಳು, ಮನೆಗೆ ಕರೆತಂದು ಎಣ್ಣೆಯ ಗಡಿಗೆಯನ್ನೇ ಮುಂದಿಟ್ಟಳು. ಇಷ್ಟು ಸಾಕಾಗಿತ್ತು. ಆದರೆ ನಾಲಗೆ ಒಮ್ಮೆ ಹೊರಟ ಮೇಲೆ ಯಾಕೆ ನಿಲ್ಲಬೇಕು? "ಎಲೈ ಮಗಳೇ, ಮದುವೆಗೆ ಮುನ್ನ ನೀನು ಅಣ್ಣನೊಡನೆ ಕಲಿಯುತ್ತಿದ್ದ ಪಾಠವನ್ನು ನಾವು ಅರ್ಧಕ್ಕೆ ಬಿಡಿಸಿದೆವು. ಮೊದಲು ಅದನ್ನು ಮುಗಿಸು, ಮನೆ ಎಲ್ಲಿಗೂ ಹೋಗುವುದಿಲ್ಲ" ಎಂದು ಆ ಅತ್ತೆಯ ಬಾಯಲ್ಲಿ ಹಳಗಾಲದ ಕನ್ನಡದಲ್ಲಿ ಹೇಳಿಸಿದೆ. ನಡುನಡುವೆ ಪುಟ ತಿರುವುವುದನ್ನು ಮರೆಯಲಿಲ್ಲ. "ದಾಕ್ಷಾಯಣವ್ವ ಓದಿದ್ರೆ ಅರ್ಧ ತಿಳೀತಿರ್ಲಿಲ್ಲ, ಅಮ್ಮಾರು ಓದಿದ್ರೆ ಎಲ್ಲಾ ತಿಳೀತೈತೆ" ಎಂದು ರಂಗವ್ವ ಎದ್ದು ಮಂಗಳಾರತಿ ಮಾಡಿದಳು. ಶಕುಂತಲಮ್ಮ ಕಣ್ಣೊರೆಸಿಕೊಂಡು, "ಆ ಮುದುಕಿಗೇ ಅಷ್ಟು ಬುದ್ಧಿ ಬಂತು ಅಂದ್ರೆ, ನಾನೇನು ಅಕಿಗಿಂತ ಕಮ್ಮೀನೇ? ಪರೀಕ್ಷೆ ಬರೀಲಿ ಬಿಡ್ರಿ, ವೈಶಾಖದಾಗ ನೋಡಣ" ಎಂದರು. ಬಕ್ಕೇಶಪ್ಪನವರು ಚಪ್ಪಲಿಯಿಂದ ಕಾಲು ತೆಗೆದರು.

ನೀನು ಇದನ್ನು ಸುಳ್ಳು ಎನ್ನಬಹುದು. ಸಾರಿಗೆ ಉಪ್ಪು ಸಾಲದಿದ್ದರೆ ಬಡಿಸುವ ಮೊದಲು ಹಾಕುವುದಿಲ್ಲವೇ, ಹಾಗೆ ಎಂದು ನಾನು ತಿಳಿದುಕೊಂಡಿದ್ದೇನೆ. ಇಷ್ಟಾದರೂ ನಾನು ಮಾತು ಕೊಟ್ಟಿಲ್ಲ. ಅತ್ತೆಯಾಗುವವಳ ಮೇಲೆ ನನಗೀಗ ದೂರಿಲ್ಲ. ಸಂಶಯ ಹುಡುಗನ ಮೇಲೆ. ಬಂದಾಗಿನಿಂದ ಒಂದು ಮಾತಾಡಲಿಲ್ಲ. ನಾನು ಓದುತ್ತಿದ್ದಾಗ ಟವೆಲಿನಿಂದ ಬಾಯಿ ಮುಚ್ಚಿಕೊಂಡು ಕೆಮ್ಮಿದ, ಕೊನೆಗೆ ಕೆಮ್ಮು ತಡೆಯಲಾರದೆ ಎದ್ದು ಹಿತ್ತಲಿಗೇ ಹೋದ. ಎದೆ ಗಟ್ಟಿಯಿದೆಯೋ ಇಲ್ಲವೋ ಗುಟ್ಟಾಗಿ ವಿಚಾರಿಸಿ ಬರೆ. ನಿನ್ನ ಉತ್ತರ ಬರುವವರೆಗೆ ನಾನು ಹೂಂ ಎನ್ನುವುದಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನಿಮ್ಮಿಬ್ಬರ ಮೇಲೂ ಆ ಹರಿಹರೇಶ್ವರನ ದಯೆ ಇರಲಿ.

ಇತಿ ನಿನ್ನ ತಾಯಿ,
ಅನ್ನಪೂರ್ಣಮ್ಮ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚಿದ್ದನ್ನು ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಈಗ ತಾನೇ ಪಂಚಾಕ್ಷರಿ ಒಬ್ಬನೇ ಬಂದಿದ್ದ. ಎದೆಯ ವಿಚಾರ ಕೇಳುವುದು ಬೇಡ, ಅವನು ಅವತ್ತು ಕೆಮ್ಮಿದ್ದಲ್ಲ, ನಕ್ಕದ್ದು. "ಅಜ್ಜಿ, ನಮಗೂ ಇದೇ ಪುಸ್ತಕ ಇಟ್ಟಿದ್ರು. ನಾನು ಪೂರಾ ಓದೀನಿ" ಎಂದ. ನನಗೆ ನೆಲ ನೋಡುವ ಹಾಗಾಯಿತು. ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲವಂತೆ. ಒಂದೇ ಮಾತು ಕೇಳಿ ಹೋಗಲು ಬಂದಿದ್ದನಂತೆ: "ಅವರೂ ಹದಿನೈದರ ಮುಂದೆ ಓದ್ಯಾರೇನು?" ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಹಿಂದಿನಿಂದ ನಿನ್ನ ಮಗಳು, "ಪೂರಾ ಓದೀನಿ ಅಂತ ಹೇಳಜ್ಜಿ. ಟೀಚರು ಹದಿನೈದಕ್ಕೆ ಸಾಕು ಅಂತ ಅಂದೇ ಇಲ್ಲ. ರಂಗವ್ವನ ಮುಂದೆ ಆ ಹುಡುಗೀನ ಸಾಯಿಸಾಕ ನನಗೆ ಬಾಯಿ ಬರಲಿಲ್ಲ" ಅಂದಳು. ಅವನು ಬಾಗಿಲಿನ ಕಡೆ ನೋಡದೆ ಕಂಬಕ್ಕೆ ಹೇಳುವವನಂತೆ, "ನಾನು ಅದನ್ನ ಓದಿದ ದಿನ ಊಟ ಬಿಟ್ಟಿದ್ದೆ" ಎಂದ. ಒಳಗಿನಿಂದ ಬಳೆ ಸದ್ದಾಯಿತು. ಅಂತೂ ಸೋಮವಾರ ಪಡಸಾಲೆ ತುಂಬ ಜನರಿದ್ದಾಗ ನಾನು ಹೇಳುವುದು ಪುಸ್ತಕದಲ್ಲಿಲ್ಲ ಎಂದು ಗೊತ್ತಿದ್ದವರು ಇಬ್ಬರೇ, ಮತ್ತು ಆ ಇಬ್ಬರೂ ಸುಮ್ಮನಿದ್ದರು. ಅಂಥವರನ್ನು ಬೇರೆ ಬೇರೆ ಮನೆಯಲ್ಲಿಟ್ಟು ನಾನೇನು ಮಾಡಲಿ? ವೈಶಾಖಕ್ಕೆ ಹೂಂ ಎಂದು ಅವನ ಕೈಯಲ್ಲೇ ಹೇಳಿಕಳಿಸಿದೆ. ನೀನು ಒಪ್ಪಿಗೆ ಕೊಡಲೆಂದು ರಜೆ ಹಾಕಿ ಬರಬೇಡ, ಅದು ಆಯಿತು. ಊಟಕ್ಕೆ ಬಾ.